ಸ್ಟೇಬಲ್ ಲಿನಕ್ಸ್‌ಗೆ ಹೊಸ ತಂತ್ರಾಂಶ: ಬುಡ ಅಲುಗಾಡದಂತೆ ತರುವುದು ಹೇಗೆ?

ಪ್ರಶ್ನೆ: ನಾನು ಲಿನಕ್ಸ್‌ನ ಡೆಬಿಯನ್ ವಿತರಣೆಯ ಸ್ಥಿರ ಶಾಖೆಯಾದ ಸ್ಟೇಬಲ್ ಬಳಸುತ್ತಿದ್ದೇನೆ. ಒಂದೇ ಒಂದು ತಂತ್ರಾಂಶದ ಹೊಸ ಆವೃತ್ತಿ ಬೇಕಾಗಿದೆ. ಅದು ಮುಂದಿನ ಸ್ಟೇಬಲ್ ಸಿದ್ಧವಾಗುವ ಟೆಸ್ಟಿಂಗ್ ಶಾಖೆಯಲ್ಲಿದೆ. ಆ ಶಾಖೆಯ ವಿಳಾಸವನ್ನು ತಂತ್ರಾಂಶಗಳನ್ನು ತಂದು ಅನುಸ್ಥಾಪಿಸುವ ಸಾಧನವಾದ ಆಪ್ಟ್‌ನ ಮೂಲಗಳ ಪಟ್ಟಿಗೆ ಸೇರಿಸಿಕೊಂಡರೆ ಸಾಲದೇ?

ಉತ್ತರ: ದಯವಿಟ್ಟು ಸೇರಿಸಬೇಡಿ. ಟೆಸ್ಟಿಂಗ್‌ನ ಪ್ಯಾಕೇಜ್ (ಅನುಸ್ಥಾಪಿಸಲು ಕಟ್ಟಿಟ್ಟ ತಂತ್ರಾಂಶ) ಒಂಟಿಯಾಗಿ ಬರುವುದು ಅಪರೂಪ. ಅದನ್ನು ಕಟ್ಟಿರುವುದು ಅಲ್ಲಿನ ಹೊಸ ಲೈಬ್ರರಿಗಳ (ಹಲವು ತಂತ್ರಾಂಶಗಳು ಹಂಚಿಕೊಳ್ಳುವ ಕೋಡ್) ಮೇಲೆ. ಹಲವು ಬಾರಿ ವ್ಯವಸ್ಥೆಯ ಮೂಲ ಲೈಬ್ರರಿಯಾದ ಜಿಲಿಬ್‌ಸಿಯೇ ಹೊಸದು ಬೇಕೆನ್ನುತ್ತದೆ. ನಿಮ್ಮ ಶೆಲ್, ಬ್ರೌಸರ್, ಸ್ವತಃ ಆಪ್ಟ್ ಎಲ್ಲವೂ ನಿಂತಿರುವುದು ಆ ಲೈಬ್ರರಿಯ ಮೇಲೆಯೇ. ಇನ್ನೊಂದು ಅಪಾಯವೂ ಇದೆ. ಸಾಮಾನ್ಯವಾಗಿ ಆಪ್ಟ್ ಎರಡೂ ಶಾಖೆಗಳಿಗೆ 500ರ ಸಮಾನ ಆದ್ಯತೆ ಕೊಡುತ್ತದೆ, ಎರಡರಲ್ಲಿ ಹೊಸದನ್ನು ಆರಿಸಿಕೊಳ್ಳುತ್ತದೆ. ಹಾಗಾಗಿ ಮುಂದಿನ ಅಪ್‌ಗ್ರೇಡ್‌ನಲ್ಲಿ ನೀವು ಕೇಳದ ನೂರಾರು ಪ್ಯಾಕೇಜುಗಳು ಬದಲಾಗಬಹುದು. ಇಂಥ ಬೆರಕೆ ವ್ಯವಸ್ಥೆಗೆ ಡೆಬಿಯನ್ ಬಳಗದವರು ಫ್ರಾಂಕನ್‌ಡೆಬಿಯನ್ ಎನ್ನುತ್ತಾರೆ.

ಮೊದಲು ನೋಡಬೇಕಾದದ್ದು ಬ್ಯಾಕ್‌ಪೋರ್ಟ್ಸ್ ಭಂಡಾರ. ಟೆಸ್ಟಿಂಗ್‌ನ ಆಯ್ದ ಪ್ಯಾಕೇಜುಗಳನ್ನು ಸ್ಟೇಬಲ್‌ನ ಲೈಬ್ರರಿಗಳಿಗೆ ಹೊಂದುವಂತೆ ಮತ್ತೆ ಕಂಪೈಲ್ ಮಾಡಿ ಅಲ್ಲಿಡುತ್ತಾರೆ. ಹೊಸ ಕರ್ನೆಲ್ ಕೂಡ ಸಿಗುತ್ತದೆ. ಇದರ ಆದ್ಯತೆ 100 ಮಾತ್ರ, ಆದ್ದರಿಂದ ನೀವು ಹೆಸರು ಹಿಡಿದು ಕೇಳದ ಹೊರತು ಅಲ್ಲಿಂದ ಹೊಸದಾಗಿ ಏನೂ ನುಸುಳುವುದಿಲ್ಲ. ಒಮ್ಮೆ ತಂದ ಪ್ಯಾಕೇಜ್‌ಗೆ ಮುಂದಿನ ಆವೃತ್ತಿಗಳೂ ಅಲ್ಲಿಂದಲೇ ಬರುತ್ತವೆ. ಸ್ಟೇಬಲ್‌ನ ಭದ್ರತಾ ತಂಡ ಇದರ ಹೊಣೆ ಹೊರುವುದಿಲ್ಲ ಎಂಬುದನ್ನು ಗಮನದಲ್ಲಿಡಿ. ಹಾಗಾಗಿ ಅಗತ್ಯವಿದ್ದಷ್ಟೇ ತನ್ನಿ.

ಯಾವ ದಾರಿ ಹಿಡಿದರೂ 'ಹೌದು' ಒತ್ತುವ ಮುನ್ನ ಆಪ್ಟ್ ತೋರಿಸುವ ಪಟ್ಟಿಯನ್ನು ಪೂರ್ತಿ ಓದಿ. ತೆಗೆದುಹಾಕಲಾಗುವ ಪ್ಯಾಕೇಜುಗಳ ಸಾಲಿನಲ್ಲಿ ನಿಮ್ಮ ಡೆಸ್ಕ್‌ಟಾಪ್‌ನ ಹೆಸರಿದ್ದರೆ, ಅಥವಾ ಬದಲಾಗುವವುಗಳಲ್ಲಿ ಲಿಬ್‌ಸಿ6 (ಜಿಲಿಬ್‌ಸಿಯ ಪ್ಯಾಕೇಜ್) ಕಂಡರೆ, ಅಲ್ಲಿಯೇ ನಿಲ್ಲಿಸಿ. ಏನನ್ನೂ ಮುಟ್ಟದೆ ಈ ಪಟ್ಟಿಯನ್ನಷ್ಟೇ ನೋಡಲು ಸಿಮ್ಯುಲೇಟ್ ಆಯ್ಕೆಯಿದೆ. ನಾನು ಪ್ರತಿ ಬಾರಿಯೂ ಅದನ್ನೇ ಮೊದಲು ಓಡಿಸುತ್ತೇನೆ.

ಬ್ಯಾಕ್‌ಪೋರ್ಟ್ಸ್‌ನಲ್ಲಿ ಸಿಗದಿದ್ದರೆ, ಗಿಂಪ್, ಬ್ಲೆಂಡರ್‌ನಂಥ ಡೆಸ್ಕ್‌ಟಾಪ್ ತಂತ್ರಾಂಶಗಳಿಗೆ ಆಪ್ಟ್‌ನಿಂದ ಪ್ರತ್ಯೇಕವಾಗಿ ತಂತ್ರಾಂಶ ಹಾಕುವ ಫ್ಲ್ಯಾಟ್‌ಪ್ಯಾಕ್ ಒಳ್ಳೆಯದು. ಅದು ತನಗೆ ಬೇಕಾದ ಲೈಬ್ರರಿಗಳನ್ನು ತಾನೇ ಹೊತ್ತು ತರುತ್ತದೆ. ಡಿಸ್ಕ್ ಜಾಗ ಹೆಚ್ಚು ಹೋಗುತ್ತದೆ, ಆದರೆ ವ್ಯವಸ್ಥೆಯ ಲೈಬ್ರರಿಗಳಿಗೆ ಕೈ ಹಾಕುವುದಿಲ್ಲ. ಪೈಥಾನ್ ಪ್ಯಾಕೇಜುಗಳಿಗೆ ವರ್ಚುವಲ್ ಎನ್ವಿರಾನ್ಮೆಂಟ್ (ವ್ಯವಸ್ಥೆಯಿಂದ ಬೇರೆಯಾದ ಪೈಥಾನ್ ಫೋಲ್ಡರ್) ಮಾಡಿಕೊಳ್ಳಿ. ಡೆಬಿಯನ್ 12ರಿಂದ, ಪೈಥಾನ್ ಪ್ಯಾಕೇಜುಗಳನ್ನು ಹಾಕುವ ಸಾಧನವಾದ ಪಿಪ್, ವ್ಯವಸ್ಥೆಯ ಪೈಥಾನ್‌ಗೆ ನೇರವಾಗಿ ಪ್ಯಾಕೇಜ್ ಹಾಕಲು ಒಪ್ಪುವುದಿಲ್ಲ. ಆ ತಡೆಯನ್ನು ಮುರಿಯುವ ಆಯ್ಕೆಯನ್ನು ಬಳಸಬೇಡಿ.

ಭದ್ರತೆಯ ಚಿಂತೆಯಿಂದಷ್ಟೇ ಹೊಸದನ್ನು ಬಯಸುತ್ತಿದ್ದರೆ, ಬಹುಶಃ ನಿಮಗೆ ಅದು ಬೇಕಿಲ್ಲ. ಸ್ಟೇಬಲ್‌ನಲ್ಲಿ ಆವೃತ್ತಿಯ ಸಂಖ್ಯೆ ಹಳೆಯದಾಗಿಯೇ ಉಳಿದರೂ ಭದ್ರತಾ ತಿದ್ದುಪಡಿಗಳು ಅದೇ ಆವೃತ್ತಿಗೆ ಬರುತ್ತಿರುತ್ತವೆ.

ಟೆಸ್ಟಿಂಗ್‌ನ ವಿಳಾಸವನ್ನು ಈಗಾಗಲೇ ಸೇರಿಸಿದ್ದೀರಾ? ಅಲ್ಲಿಂದ ಏನನ್ನೂ ಅನುಸ್ಥಾಪಿಸಿಲ್ಲವಾದರೆ ಆ ಸಾಲನ್ನು ಅಳಿಸಿ, ಆಪ್ಟ್ ಅಪ್‌ಡೇಟ್ ಓಡಿಸಿದರೆ ಮುಗಿಯಿತು. ಲಿಬ್‌ಸಿ6 ಬದಲಾಗಿಬಿಟ್ಟಿದ್ದರೆ ಹಿಂದಿನ ಆವೃತ್ತಿಗೆ ಮರಳುವುದನ್ನು ಡೆಬಿಯನ್ ಬೆಂಬಲಿಸುವುದಿಲ್ಲ. ಆಗ ಹೋಮ್ ಫೋಲ್ಡರ್‌ನ ಪ್ರತಿ ತೆಗೆದಿಟ್ಟುಕೊಂಡು ಮೊದಲಿನಿಂದ ಅನುಸ್ಥಾಪಿಸುವುದೇ ನಿಶ್ಚಿತ ದಾರಿ.