ಟಿಸಿ ಬುಡದ ಮಣ್ಣು, ಬೋರ್‌ವೆಲ್ ತಳದ ನೀರು

ದೊಡ್ಡಬಳ್ಳಾಪುರದ ಕಡೆಗೋ ಹೊಸಕೋಟೆಯ ಕಡೆಗೋ ಹೋದಾಗ, ಹೊಲದಂಚಿನ ಹಳೆಯ ಟಿಸಿಯೊಂದರ (ವಿದ್ಯುತ್ ಟ್ರಾನ್ಸ್‌ಫಾರ್ಮರಿನ) ಬುಡವನ್ನು ಬೇಲಿಯಾಚೆಯಿಂದಲೇ ನೋಡಿ. ಕೆಂಪು ಮಣ್ಣಿನ ನಡುವೆ ಮೊರದಗಲ ಕಪ್ಪು ಕಲೆಯೊಂದು ಕಾಣಬಹುದು. ಸುತ್ತ ಗರಿಕೆ ಹಬ್ಬಿದ್ದರೂ ಆ ಕಲೆಯ ಮೇಲೆ ಒಂದೆಳೆ ಹುಲ್ಲಿರುವುದಿಲ್ಲ. ತಲೆಯೆತ್ತಿದರೆ ಕಾರಣ ತಿಳಿಯುತ್ತದೆ. ಎಣ್ಣೆ ತುಂಬಿದ ತೊಟ್ಟಿಯ ಕೆಳಗಿನ ಡ್ರೈನ್ ವಾಲ್ವ್‌ನಿಂದಲೋ, ತಂತಿ ಸೇರುವ ಪಿಂಗಾಣಿ ಬುಶಿಂಗ್‌ನ ಕೆಳಗಿನ ಗ್ಯಾಸ್ಕೆಟ್‌ನಿಂದಲೋ ಎಣ್ಣೆ ಜಿನುಗಿ, ಧೂಳು ಮೆತ್ತಿಕೊಂಡು, ತೊಟ್ಟಿಯ ಮೈಮೇಲೆ ಕಪ್ಪು ಪಟ್ಟೆಯಾಗಿ ಇಳಿದಿರುತ್ತದೆ. ಹಳ್ಳಿಯ ವಿದ್ಯುತ್ ಜಾಲವನ್ನು ಮೇಲ್ದರ್ಜೆಗೇರಿಸುವಾಗ ಪರಿಸರದ ಮೇಲೆ ಏನಾಗುತ್ತದೆ ಎಂದು ಅಳೆಯುವವರು ಮೊದಲು ನೋಡಬೇಕಾದ್ದು ಇದನ್ನೇ. ಆದರೆ ವರದಿಗಳಲ್ಲಿ ಸಾಮಾನ್ಯವಾಗಿ ಇದಕ್ಕೆ ಕಾಲಂ ಇರುವುದಿಲ್ಲ, ಕಡಿಯಬೇಕಾದ ಮರಗಳ ಸಂಖ್ಯೆಗೆ ಮಾತ್ರ ಇರುತ್ತದೆ.

ಇದಕ್ಕೆ ಕಾನೂನಿನ ಕಾರಣವೂ ಇದೆ. ಕೇಂದ್ರ ಸರ್ಕಾರದ 2006ರ ಪರಿಸರ ಪರಿಣಾಮ ಅಧ್ಯಯನ ಅಧಿಸೂಚನೆಯ ಪಟ್ಟಿಯಲ್ಲಿ ವಿದ್ಯುತ್ ವಿತರಣಾ ಮಾರ್ಗಗಳು ಸೇರಿಲ್ಲ. ಅಂದರೆ ಸಬ್‌ಸ್ಟೇಷನ್ನಿನಿಂದ ಟಿಸಿಗಳಿಗೆ ಕರೆಂಟ್ ತರುವ 11 ಕೆವಿ (11,000 ವೋಲ್ಟ್) ಫೀಡರ್ ಎಳೆಯಲು ಪರಿಸರ ಅನುಮತಿ ಬೇಕಿಲ್ಲ, ಸಾರ್ವಜನಿಕ ಅಹವಾಲೂ ನಡೆಯುವುದಿಲ್ಲ. ಅಂತರರಾಷ್ಟ್ರೀಯ ಬ್ಯಾಂಕಿನ ಸಾಲ ಇದ್ದರೆ ಅವರ ನಿಯಮದಂತೆ ಒಂದು ಅಧ್ಯಯನವಾಗುತ್ತದೆ. ಇಲ್ಲವಾದರೆ ಎಲ್ಲವೂ ಅಂದಾಜುಪಟ್ಟಿ ತಯಾರಿಸುವ ಎಂಜಿನಿಯರ್ ಮತ್ತು ಗುತ್ತಿಗೆದಾರರ ಕೈಯಲ್ಲೇ ಉಳಿಯುತ್ತದೆ. ರಾಜ್ಯದ ನಿರಂತರ ಜ್ಯೋತಿ ಯೋಜನೆಯಲ್ಲಿ ಐಪಿ (ನೀರಾವರಿ ಪಂಪ್) ಸೆಟ್‌ಗಳ ಫೀಡರ್ ಬೇರೆ, ಮನೆಗಳ ಫೀಡರ್ ಬೇರೆ ಆದಾಗಲೂ, ವಿತರಣಾ ಜಾಲ ಸುಧಾರಿಸಲು 2021ರಲ್ಲಿ ಆರಂಭವಾದ ಕೇಂದ್ರದ ಆರ್‌ಡಿಎಸ್‌ಎಸ್ ಯೋಜನೆಯಲ್ಲೂ ಇಂಥ ಕೆಲಸವೇ ಹೆಚ್ಚು. ತಂತಿ ಬದಲಾವಣೆ, ಹೆಚ್ಚುವರಿ ಟಿಸಿ, ಬರಿ ತಂತಿಯ ಬದಲು ಹೊದಿಕೆಯಿರುವ ಎಬಿ ಕೇಬಲ್. ಒಂದೊಂದೂ ಸಣ್ಣದು. ಒಂದು ಫೀಡರ್‌ನ ಉದ್ದಕ್ಕೂ ಕೂಡಿದರೆ ಸಣ್ಣದಲ್ಲ.

ಲಾಭ ದೊಡ್ಡದು, ಅದನ್ನು ಮೊದಲೇ ಲೆಕ್ಕ ಹಾಕಿಬಿಡೋಣ. 11 ಕೆವಿ ಮಾರ್ಗದಲ್ಲಿ ‘ವೀಸಲ್’ ಎಂಬ ಸಪೂರ ತಂತಿಯನ್ನು ತೆಗೆದು ಅದಕ್ಕಿಂತ ದಪ್ಪನೆಯ ‘ರ‍್ಯಾಬಿಟ್’ ಹಾಕುತ್ತಾರೆ ಎಂದಿಟ್ಟುಕೊಳ್ಳಿ. ಕಿಲೋಮೀಟರಿಗೆ ವೀಸಲ್‌ನ ರೋಧ ಸುಮಾರು 0.91 ಓಮ್, ರ‍್ಯಾಬಿಟ್‌ನದು ಸುಮಾರು 0.55. ಮೂರೂ ಫೇಸ್‌ನಲ್ಲಿ ಸರಾಸರಿ 50 ಆಂಪಿಯರ್ ಹರಿದರೆ ತಪ್ಪುವ ನಷ್ಟ ಕಿಲೋಮೀಟರಿಗೆ 2.7 ಕಿಲೋವ್ಯಾಟ್, ಅಂದರೆ ದಿನಕ್ಕೆ 65 ಯೂನಿಟ್. ಹೊಸ ತಂತಿಗೂ ಪರಿಸರದ ಬೆಲೆ ಇದೆ. ಒಂದು ಕಿಲೋಮೀಟರಿನ ಮೂರು ರ‍್ಯಾಬಿಟ್ ತಂತಿಗಳಲ್ಲಿ ಸುಮಾರು 435 ಕಿಲೋ ಅಲ್ಯೂಮಿನಿಯಂ ಇರುತ್ತದೆ, ಒಂದು ಟನ್ ಹೊಸ ಅಲ್ಯೂಮಿನಿಯಂ ತಯಾರಿಸಲು 15,000 ಯೂನಿಟ್‌ನಷ್ಟು ಕರೆಂಟ್ ಬೇಕು. ಹಾಗಾದರೆ ಆ ತಂತಿಯ ಬೆನ್ನಿಗಿರುವ ಸಾಲ 6,500 ಯೂನಿಟ್, ಅದು ತೀರುವುದು 100 ದಿನಕ್ಕೆ. ಕಳಚಿದ ವೀಸಲ್ ಕರಗಿಸುವ ಕುಲುಮೆಗೆ ಹೋದರೆ ಇನ್ನೂ ಬೇಗ ತೀರುತ್ತದೆ, ಏಕೆಂದರೆ ಹಳೆಯ ಅಲ್ಯೂಮಿನಿಯಂ ಕರಗಿಸಲು ಹೊಸದಕ್ಕೆ ಬೇಕಾದ ಶಕ್ತಿಯ ಇಪ್ಪತ್ತನೇ ಒಂದು ಪಾಲು ಸಾಕು. ನಮ್ಮ ಗ್ರಿಡ್‌ನ ಒಂದು ಯೂನಿಟ್ಟಿಗೆ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್ ಎಂದು ಹಿಡಿದರೆ, ಆ ಒಂದು ಕಿಲೋಮೀಟರ್ ವರ್ಷಕ್ಕೆ 16 ಟನ್‌ಗೂ ಹೆಚ್ಚು ಉಳಿಸುತ್ತದೆ. ಒಂದು ಎಚ್ಚರಿಕೆ ಮಾತ್ರ: ನಷ್ಟ ಬದಲಾಗುವುದು ಕರೆಂಟಿನ ವರ್ಗದಲ್ಲಿ. ಸರಾಸರಿ 50ರ ಬದಲು 25 ಆಂಪಿಯರ್ ಆದರೆ ಉಳಿತಾಯ ಕಾಲುಭಾಗಕ್ಕೆ ಇಳಿಯುತ್ತದೆ, ಸಾಲ ತೀರಲು 400 ದಿನ ಬೇಕು. ಆದ್ದರಿಂದ ಸಬ್‌ಸ್ಟೇಷನ್ನಿನ ಲಾಗ್ ಪುಸ್ತಕದಲ್ಲಿರುವ ಗಂಟೆಗಂಟೆಯ ಆಂಪಿಯರ್ ನೋಡದೆ, ಗರಿಷ್ಠ ಲೋಡ್ ಒಂದನ್ನೇ ಹಿಡಿದು ಬರೆದ ಉಳಿತಾಯದ ಅಂಕಿಯನ್ನು ನಂಬಬಾರದು.

ನಷ್ಟ ಇಳಿಸುವ ಇನ್ನೊಂದು ದಾರಿ, ಟಿಸಿಯಿಂದ ಪಂಪಿಗೆ ಹೋಗುವ ಕಡಿಮೆ ವೋಲ್ಟೇಜಿನ ಎಲ್‌ಟಿ ಲೈನ್ ಮೊಟಕು ಮಾಡಿ 11 ಕೆವಿಯನ್ನೇ ಪಂಪಿನ ಹತ್ತಿರಕ್ಕೆ ತರುವುದು. 5 ಎಚ್‌ಪಿಯ 12 ಪಂಪುಗಳಿಗೆ ಸುಮಾರು 60 ಕಿಲೋವ್ಯಾಟ್ ಬೇಕು. ಅದನ್ನು 400 ವೋಲ್ಟ್‌ನಲ್ಲಿ ಅರ್ಧ ಕಿಲೋಮೀಟರ್ ರ‍್ಯಾಬಿಟ್ ತಂತಿಯಲ್ಲಿ ಕಳಿಸಿದರೆ 108 ಆಂಪಿಯರ್ ಹರಿದು, ದಾರಿಯಲ್ಲೇ 9,600 ವ್ಯಾಟ್ ಬಿಸಿಯಾಗಿ ಹೋಗುತ್ತದೆ. ಅದೇ ದೂರವನ್ನು 11 ಕೆವಿಯಲ್ಲಿ ದಾಟಿಸಿದರೆ ಹರಿಯುವುದು 4 ಆಂಪಿಯರ್, ನಷ್ಟ 13 ವ್ಯಾಟ್. ಕೇಳಲು ಬಲು ಸೊಗಸು. ಆದರೆ 100 ಕೆವಿಎ ಸಾಮರ್ಥ್ಯದ ಒಂದು ಟಿಸಿ ಇದ್ದಲ್ಲಿ ಈಗ 25 ಕೆವಿಎಯ ನಾಲ್ಕು ಟಿಸಿ ಬರುತ್ತವೆ. ಪಂಪ್ ಓಡಲಿ ಬಿಡಲಿ, ಟಿಸಿಯ ಕಬ್ಬಿಣದ ಒಡಲು ಇಪ್ಪತ್ನಾಲ್ಕು ಗಂಟೆಯೂ ಸ್ವಲ್ಪ ಕರೆಂಟ್ ಕುಡಿಯುತ್ತಲೇ ಇರುತ್ತದೆ. ಎಣ್ಣೆ ಸೋರುವ ಜಾಗಗಳೂ ನಾಲ್ಕು ಪಟ್ಟಾಗುತ್ತವೆ.

ಆ ಎಣ್ಣೆಯ ಮಾತಿಗೆ ಮತ್ತೆ ಬರಬೇಕು. 25 ಕೆವಿಎಯ ಸಣ್ಣ ಟಿಸಿಯಲ್ಲೂ ಹತ್ತಾರು ಲೀಟರ್ ಖನಿಜ ಎಣ್ಣೆ ಇರುತ್ತದೆ. ಅದು ಸುರುಳಿಗಳ ನಡುವೆ ಕರೆಂಟ್ ಜಿಗಿಯದಂತೆ ತಡೆಯುತ್ತದೆ, ಬಿಸಿಯನ್ನು ಹೊರಗೆ ಒಯ್ಯುತ್ತದೆ. ಓವರ್‌ಲೋಡ್‌ನಿಂದ ಎಣ್ಣೆ ಕಾದು ಹಿಗ್ಗುವುದು, ರಾತ್ರಿ ತಣಿದು ಕುಗ್ಗುವುದು ದಿನವೂ ನಡೆಯುತ್ತದೆ. ಇದರಿಂದ ಗ್ಯಾಸ್ಕೆಟ್ ಗಡಸಾಗಿ ಬಿರಿಯುತ್ತದೆ. ಎಣ್ಣೆ ಹಿಗ್ಗಿ ಕುಗ್ಗುವಾಗ ಗಾಳಿ ಬಂದುಹೋಗುವ ಬ್ರೀದರ್ ಇರುವ ಟಿಸಿಯಲ್ಲಿ ನೀಲಿ ಸಿಲಿಕಾ ಜೆಲ್ ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ಅದು ತೇವ ಹೀರಿ ದಣಿದಿದೆ ಎಂದರ್ಥ. ಆಮೇಲೆ ಗಾಳಿಯ ತೇವ ನೇರವಾಗಿ ಎಣ್ಣೆಗೆ ಸೇರಿ ಟಿಸಿ ಸುಡುತ್ತದೆ, ಕೆಲವೊಮ್ಮೆ ತೊಟ್ಟಿ ಬಿರಿದು ಎಣ್ಣೆಯೆಲ್ಲ ಒಮ್ಮೆಗೇ ಚೆಲ್ಲುತ್ತದೆ. ಹೊಲದ ನಡುವೆ ಚೆಲ್ಲಿದರೆ ಆ ಮಣ್ಣಷ್ಟೇ ಹಾಳು. ಕೆರೆ ಏರಿಯ ಕೆಳಗೋ ರಾಜಕಾಲುವೆಯ ದಡದಲ್ಲೋ ಚೆಲ್ಲಿದರೆ ಮೊದಲ ಮಳೆಗೆ ಅದು ನೀರಿನ ಮೇಲೆ ಪೊರೆಯಾಗಿ ಹರಡುತ್ತದೆ. ಜಾಗ ಸುಲಭವಾಗಿ ಸಿಗುತ್ತದೆಂದು ಟಿಸಿಯನ್ನು ಕೆರೆಯಂಗಳ, ಗುಂಡುತೋಪು, ಗೋಮಾಳಗಳಿಗೆ ತಳ್ಳುವ ರೂಢಿಯನ್ನು ನಕ್ಷೆಯ ಹಂತದಲ್ಲೇ ನಿಲ್ಲಿಸಬೇಕು. ಕಂಬವನ್ನು ಏರಿಯಿಂದ ಎರಡು ಸ್ಪ್ಯಾನ್ (ಕಂಬದಿಂದ ಕಂಬಕ್ಕಿರುವ ದೂರ) ಆಚೆ ಸರಿಸುವ ಖರ್ಚು ತೀರಾ ಕಡಿಮೆ. ಸರಿಸಲಾಗದಿದ್ದರೆ ಬುಡಕ್ಕೆ ಅಂಚು ಕಟ್ಟಿದ ಕಾಂಕ್ರೀಟ್ ಹಾಸು, ಒಳಗೆ ಜಲ್ಲಿ.

ಹೊಸ ಟಿಸಿಗಿಂತ ಹೆಚ್ಚು ಅಪಾಯ ಕಳಚಿದ ಹಳೆಯದರಲ್ಲಿದೆ. ಬಳಸಿದ ಎಣ್ಣೆ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಬರುತ್ತದೆ. ಸಾಮಾನ್ಯವಾಗಿ 90 ದಿನಕ್ಕಿಂತ ಹೆಚ್ಚು ಕೂಡಿಡುವಂತಿಲ್ಲ, ಅಧಿಕೃತ ಮರುಬಳಕೆದಾರರಿಗೇ ಕೊಡಬೇಕು. ಹಳೆಯ ಕಾಲದ ಟಿಸಿಗಳಲ್ಲಿ ಪಿಸಿಬಿ ಎಂಬ ಕ್ಲೋರಿನ್‌ಯುಕ್ತ ವಿಷದ ಅಂಶವೂ ಇರಬಹುದು. ಅದು ಕೊಳೆಯುವುದಿಲ್ಲ, ಮೀನು, ಹಾಲು, ಮನುಷ್ಯರ ಕೊಬ್ಬಿನಲ್ಲಿ ಶೇಖರವಾಗುತ್ತದೆ. 2016ರ ಕೇಂದ್ರ ಆದೇಶದ ಪ್ರಕಾರ 2025ರ ಡಿಸೆಂಬರ್ 31ರ ಹೊತ್ತಿಗೆ ಅದರ ಬಳಕೆ ಪೂರ್ತಿ ನಿಲ್ಲಬೇಕಿತ್ತು. ಪಿಸಿಬಿ ಹರಡುವುದು ಹೀಗೆ: ಒಂದೇ ಫಿಲ್ಟರ್ ಯಂತ್ರವನ್ನು ಹತ್ತಾರು ಟಿಸಿಗಳಿಗೆ ಬಳಸುತ್ತಾರೆ, ಒಂದರ ಎಣ್ಣೆಯ ಶೇಷ ಇನ್ನೊಂದಕ್ಕೆ ಸೇರುತ್ತದೆ. ಹೀಗಾಗಿ ತೊಟ್ಟಿಯ ಮೇಲಿನ ತಯಾರಿಕೆಯ ವರ್ಷ ಹೊಸದಾಗಿದ್ದ ಮಾತ್ರಕ್ಕೆ ಒಳಗಿನ ಎಣ್ಣೆ ಶುದ್ಧ ಎನ್ನಲಾಗದು. ಬಣ್ಣ, ವಾಸನೆ, ನೀರಲ್ಲಿ ತೇಲುತ್ತದೆಯೇ ಮುಳುಗುತ್ತದೆಯೇ ಎಂಬ ಪರೀಕ್ಷೆ ಯಾವುದೂ ಇಲ್ಲಿ ಕೆಲಸಕ್ಕೆ ಬಾರದು. ಕಿಲೋಗೆ 50 ಮಿಲಿಗ್ರಾಂನಷ್ಟು ಕಡಿಮೆ ಪ್ರಮಾಣವನ್ನು ಪ್ರಯೋಗಾಲಯ ಮಾತ್ರ ಹಿಡಿಯಬಲ್ಲದು, ಟಿಸಿ ಎಣ್ಣೆ ಪರೀಕ್ಷಿಸುವ ಕೇಂದ್ರ ವಿದ್ಯುತ್ ಸಂಶೋಧನಾ ಸಂಸ್ಥೆಯಾದ ಸಿಪಿಆರ್‌ಐ ಬೆಂಗಳೂರಿನಲ್ಲೇ ಇದೆ. ಮಾದರಿ ತೆಗೆಯುವಾಗ ತಳದ ವಾಲ್ವ್‌ನ ಮೊದಲ ಕಾಲು ಲೀಟರ್ ಬೇರೆ ಡಬ್ಬಕ್ಕೆ ಬಿಟ್ಟು, ಆಮೇಲೆ ಒಣಗಿದ ಗಾಜಿನ ಸೀಸೆಗೆ ತುಂಬಿ, ಟಿಸಿಯ ಸೀರಿಯಲ್ ನಂಬರ್ ಅಂಟಿಸಬೇಕು. ಇಷ್ಟಾಗದೆ ಹಳೆಯ ಟಿಸಿಯನ್ನು ಲಾರಿಗೆ ಏರಿಸಬಾರದು.

ಮರಗಳ ವಿಷಯದಲ್ಲಿ ಸಂಖ್ಯೆಗಿಂತ ಕಡಿಯುವ ಬಗೆ ಮುಖ್ಯ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ವೃಕ್ಷಾಧಿಕಾರಿಯ ಅನುಮತಿ ಬೇಕೆಂಬುದು ಎಲ್ಲರಿಗೂ ಗೊತ್ತು. ಆದರೆ ಮುಂಗಾರಿಗೆ ಮುಂಚೆ ತಂತಿ ಕೆಳಗಿನ ಹೊಂಗೆ, ನೇರಳೆಗಳ ತಲೆಯನ್ನೇ ಬೋಳಿಸುತ್ತಾರಲ್ಲ, ಅದು ಮರಕ್ಕೂ ಲೈನಿಗೂ ಕೆಟ್ಟದ್ದು. ಬೋಳಿಸಿದ ಜಾಗದಿಂದ ಬೆತ್ತದಂತೆ ನೆಟ್ಟಗೆ ಚಿಗುರುಗಳು ಏಳುತ್ತವೆ. ಅವಕ್ಕೆ ಗಟ್ಟಿ ಬುಡವಿರುವುದಿಲ್ಲ, ಬೇಗ ತಂತಿ ಮುಟ್ಟಿ ಗಾಳಿಗೆ ಮುರಿಯುತ್ತವೆ. ತಂತಿಯತ್ತ ಬರುವ ಕೊಂಬೆಯನ್ನಷ್ಟೇ, ಅದು ಕಾಂಡ ಸೇರುವಲ್ಲಿನ ಉಬ್ಬನ್ನು ಉಳಿಸಿ, ಕೆಳಗಿಂದ ಮೊದಲು ಒಂದು ಗೀರು ಹಾಕಿ ಕತ್ತರಿಸಿದರೆ ಗಾಯ ಮುಚ್ಚಿಕೊಳ್ಳುತ್ತದೆ. ಹಳೆಯ ಸಾಲುಮರ ಸಿಕ್ಕ ಕಡೆ ಎಬಿ ಕೇಬಲ್ ಹಾಕಿದರೆ ಬಹುಪಾಲು ಕಡಿತ ತಪ್ಪುತ್ತದೆ. ನೆಲದಡಿಯ ಕೇಬಲ್ ಎಂದರೆ ಮರಕ್ಕೆ ಕ್ಷೇಮ ಎಂಬ ನಂಬಿಕೆ ತಪ್ಪು. ಬುಡದ ಪಕ್ಕ ಕಂದಕ ತೋಡಿದರೆ ಒಂದು ಬದಿಯ ಬೇರುಗಳೆಲ್ಲ ಹೋಗಿ, ಒಂದೆರಡು ಮಳೆಗಾಲ ಕಳೆದ ಮೇಲೆ ಮರ ಬೀಳುತ್ತದೆ. ಆಗ ಕಂದಕವನ್ನು ಯಾರೂ ನೆನೆಯುವುದಿಲ್ಲ.

ಪ್ರಾಣಿಗಳಿಗೆ ಬೇಕಾದ ಅಳತೆಯೇ ಬೇರೆ. ಬಯಲಿನಲ್ಲಿ 11 ಕೆವಿ ಬರಿ ತಂತಿ ನೆಲದಿಂದ 4.6 ಮೀಟರ್ ಮೇಲಿದ್ದರೆ ನಿಯಮ ಪಾಲಿಸಿದಂತೆ. ಆದರೆ ಬನ್ನೇರುಘಟ್ಟದ ಅಂಚಿನ ಆನೇಕಲ್, ಕನಕಪುರದ ಹೊಲಗಳಿಗೆ ಇಳಿಯುವ ಗಂಡಾನೆ ಸೊಂಡಿಲೆತ್ತಿದರೆ ಆ ಎತ್ತರವನ್ನು ಮುಟ್ಟಬಲ್ಲದು. 9 ಮೀಟರ್ ಕಂಬದ 1.5 ಮೀಟರ್ ಹೂತರೆ ಮೇಲೆ ಉಳಿಯುವುದು 7.5, ಅದರಲ್ಲಿ ಜೋಲು, ಅಂದರೆ ಎರಡು ಕಂಬಗಳ ನಡುವೆ ತಂತಿ ಕೆಳಗೆ ಬಾಗುವಷ್ಟು ಎತ್ತರ, ಕಳೆಯಬೇಕು. ಜೋಲು ಸ್ಪ್ಯಾನಿನ ವರ್ಗದಲ್ಲಿ ಹೆಚ್ಚುತ್ತದೆ. ಖರ್ಚು ಉಳಿಸಲು ನಡುವಿನ ಒಂದು ಕಂಬ ಬಿಟ್ಟರೆ, ಅದೇ ಬಿಗಿತಕ್ಕೆ ಜೋಲು ನಾಲ್ಕು ಪಟ್ಟಾಗುತ್ತದೆ. ಆನೆ ದಾರಿಯಲ್ಲಿ ಕಂಬಗಳು ಹತ್ತಿರ ಇರಬೇಕು, ಎತ್ತರ ಹೆಚ್ಚಿರಬೇಕು, ಜೋಲನ್ನು ಬೇಸಿಗೆ ಮಧ್ಯಾಹ್ನ ತಂತಿ ಕಾದು ಹಿಗ್ಗಿರುವಾಗ ಅಳೆಯಬೇಕು. ಹಣ್ಣು ತಿನ್ನುವ ದೊಡ್ಡ ಬಾವಲಿಯ ರೆಕ್ಕೆಯಗಲ ಒಂದು ಮೀಟರಿಗಿಂತ ಹೆಚ್ಚು, ಕಂಬದ ಮೇಲೆ ಎರಡು ಫೇಸ್‌ಗಳ ನಡುವಿನ ಅಂತರವೂ ಸುಮಾರು ಅಷ್ಟೇ. ಅತ್ತಿ, ಆಲದ ಹತ್ತಿರದ ಲೈನಿನಲ್ಲಿ ಅವು ಸುಟ್ಟು ನೇತಾಡುವುದು ಇದರಿಂದಲೇ. ಕಾಡುಪಾಪದ ಕಷ್ಟ ಇನ್ನೊಂದು ಬಗೆಯದು. ಅದಕ್ಕೆ ನೆಗೆಯಲು ಬಾರದು, ಕೊಂಬೆಯಿಂದ ಕೊಂಬೆಗೆ ಕೈಯಿಟ್ಟೇ ನಡೆಯಬೇಕು. ಲೈನಿಗಾಗಿ ತೋಪಿನ ನಡುವೆ ಸೀಳು ಬಿದ್ದರೆ ಅದು ತಂತಿಯನ್ನೇ ಕೊಂಬೆಯೆಂದು ಹಿಡಿಯುತ್ತದೆ. ಇಂಥ ಕಡೆ ಆ ನಾಲ್ಕೈದು ಸ್ಪ್ಯಾನಿಗೆ ಮಾತ್ರ ಹೊದಿಕೆ ತಂತಿ ಹಾಕಿದರೆ ಸಾಕು, ಇಡೀ ಫೀಡರಿಗೆ ಬೇಕಿಲ್ಲ. ಯಾವ ನಾಲ್ಕೈದು ಎಂಬುದು ಲೈನಿನ ಕೆಳಗೆ ನಡೆದವರಿಗೆ ಮಾತ್ರ ಗೊತ್ತಾಗುತ್ತದೆ.

ದನಕರುಗಳು ಶಾಕ್ ಹೊಡೆದು ಸಾಯಲು ಅರ್ಥಿಂಗ್ ದೋಷವೂ ಒಂದು ಕಾರಣ. ಕಂಬದ ಬುಡದಲ್ಲಿ ಕರೆಂಟ್ ನೆಲಕ್ಕೆ ಸೋರಿದರೆ ಹತ್ತಿರದ ನೆಲಕ್ಕೂ ದೂರದ ನೆಲಕ್ಕೂ ವೋಲ್ಟೇಜ್ ವ್ಯತ್ಯಾಸ ಇರುತ್ತದೆ. ಹಸುವಿನ ಮುಂಗಾಲು ಹಿಂಗಾಲುಗಳ ಅಂತರ ಮನುಷ್ಯನ ಹೆಜ್ಜೆಗಿಂತ ದೊಡ್ಡದು, ಹಾಗಾಗಿ ಅದರ ಮೈಮೇಲೆ ಬೀಳುವ ವೋಲ್ಟೇಜೂ ಹೆಚ್ಚು, ಕರೆಂಟ್ ಹಾಯುವುದು ಎದೆಯ ಮೂಲಕ.

ಇನ್ನು ನೀರು. ನಮ್ಮ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡ ಪರಿಣಾಮ ಇದೇ, ಮತ್ತು ಇದು ಲೈನಿನ ಅಕ್ಕಪಕ್ಕ ಕಾಣಿಸುವುದೇ ಇಲ್ಲ. ವೋಲ್ಟೇಜ್ ಸರಿಯಿಲ್ಲದ ಫೀಡರಿನಲ್ಲಿ ಮೂರು ಫೇಸ್ ಬಂದ ಕೂಡಲೇ ಆಟೋ ಸ್ಟಾರ್ಟರ್ ಇಟ್ಟ ಪಂಪುಗಳೆಲ್ಲ ಒಟ್ಟಿಗೆ ಎದ್ದು ಕೂರುತ್ತವೆ, ವೋಲ್ಟೇಜ್ ಕುಸಿಯುತ್ತದೆ, ಕೆಲವು ಟ್ರಿಪ್ ಆಗುತ್ತವೆ, ಕೆಲವು ಸುಡುತ್ತವೆ. ಮೇಲ್ದರ್ಜೆಯಾದ ಮೇಲೆ ಈ ಕಾಟ ತಪ್ಪುತ್ತದೆ. ರೈತರಿಗೆ ಇದು ನಿಜವಾದ ನೆಮ್ಮದಿ, ಮೋಟರ್ ಮೇಲೆತ್ತಿ ರಿವೈಂಡಿಂಗ್ ಮಾಡಿಸುವ ಸಾವಿರಾರು ರೂಪಾಯಿ ಉಳಿಯುತ್ತದೆ. ಆದರೆ 10 ಎಚ್‌ಪಿವರೆಗೆ ಕರೆಂಟ್ ಉಚಿತವಾಗಿರುವಾಗ, ಸಿಕ್ಕ ಒಂದೊಂದು ಗಂಟೆಯೂ ನೀರೆತ್ತುವ ಗಂಟೆಯಾಗುತ್ತದೆ. 1,000 ಅಡಿ ಆಳದಿಂದ 1,000 ಲೀಟರ್ ಎತ್ತಲು, ಪಂಪು ಮೋಟರುಗಳ ನಷ್ಟ ಸೇರಿ, ಸುಮಾರು 2 ಯೂನಿಟ್ ಬೇಕು. 10 ಎಚ್‌ಪಿ ಪಂಪ್ ಗಂಟೆಗೆ 4,500 ಲೀಟರ್ ಎತ್ತಿದರೆ, ಅಂಥ 200 ಪಂಪುಗಳ ಫೀಡರಿನಲ್ಲಿ ದಿನಕ್ಕೆ ಒಂದೇ ಗಂಟೆ ಹೆಚ್ಚು ಓಡಿದರೂ 9 ಲಕ್ಷ ಲೀಟರ್ ಹೆಚ್ಚು ಮೇಲೆ ಬರುತ್ತದೆ, ಅದಕ್ಕೆ 1,800 ಯೂನಿಟ್ ಖರ್ಚಾಗುತ್ತದೆ. ತಂತಿ ಬದಲಿಸಿ ಉಳಿಸಿದ ದಿನಕ್ಕೆ 65 ಯೂನಿಟ್ಟಿನ ಪಕ್ಕ ಇದನ್ನಿಟ್ಟು ನೋಡಿ. 25 ಕಿಲೋಮೀಟರ್ ತಂತಿಯ ಉಳಿತಾಯವೂ ಇದಕ್ಕೆ ಸಾಲದು.

ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರದ ಹಲವು ತಾಲ್ಲೂಕುಗಳು ಕೇಂದ್ರ ಅಂತರ್ಜಲ ಮಂಡಳಿಯ ಪಟ್ಟಿಯಲ್ಲಿ ಅತಿಬಳಕೆಯ ವರ್ಗದಲ್ಲಿವೆ. ಕೆಳಗಿರುವುದು ಗಟ್ಟಿ ಗ್ರಾನೈಟ್, ನೈಸ್ ಬಂಡೆ. ನೀರಿರುವುದು ಅದರ ಬಿರುಕುಗಳಲ್ಲಿ ಮಾತ್ರ. ಮೇಲಿನ ಬಿರುಕು ಬರಿದಾದಂತೆ ಬೋರ್ ಆಳಕ್ಕಿಳಿಯುತ್ತದೆ, ಆಳದ ನೀರಿನಲ್ಲಿ ಫ್ಲೋರೈಡ್ ಹೆಚ್ಚುವ ಸಂಭವವಿದೆ, ಎತ್ತಲು ಕರೆಂಟೂ ಹೆಚ್ಚು ಬೇಕು.

ಆದ್ದರಿಂದ ಫೀಡರಿನ ಪರಿಣಾಮ ಅಳೆಯುವವರು ಕೆಲಸಕ್ಕೆ ಒಂದು ವರ್ಷ ಮುಂಚಿನಿಂದ ಎರಡು ಅಂಕಿ ಕೂಡಿಡಬೇಕು. ಒಂದು, ಐಪಿ ಫೀಡರಿನ ತಿಂಗಳ ಯೂನಿಟ್. ಇನ್ನೊಂದು, ಅದೇ ಫೀಡರಿನ ವ್ಯಾಪ್ತಿಯಲ್ಲಿ ಪಂಪ್ ಇಳಿಸದ ನಾಲ್ಕೈದು ಬೋರ್‌ವೆಲ್‌ಗಳ ನೀರಿನ ಮಟ್ಟ. ಮುಂಗಾರಿಗೆ ಮುಂಚೆ ಮೇ ತಿಂಗಳಲ್ಲಿ ಒಮ್ಮೆ, ಹಿಂಗಾರು ನಿಂತ ಮೇಲೆ ಒಮ್ಮೆ, ಸುತ್ತಲ ಪಂಪುಗಳು ನಿಂತು ಕೆಲವು ಗಂಟೆ ಕಳೆದ ಮೇಲೆ ಟೇಪ್ ಇಳಿಸಬೇಕು. ಓಡುತ್ತಿರುವಾಗ ಇಳಿಸಿದರೆ ಸಿಗುವುದು ತಾತ್ಕಾಲಿಕ ಕುಸಿತದ ಅಳತೆ. ಲೈನ್ ಚಾಲೂ ಆದ ಮೇಲೆ ಕನಿಷ್ಠ ಎರಡು ಮಳೆಗಾಲ ಇದೇ ಬೋರ್‌ಗಳಲ್ಲಿ, ಇದೇ ತಿಂಗಳುಗಳಲ್ಲಿ ಅಳತೆ ಮುಂದುವರಿಯಬೇಕು, ಪಕ್ಕದಲ್ಲೇ ಆ ವರ್ಷದ ಮಳೆಯ ಮಿಲಿಮೀಟರ್ ಬರೆದಿರಬೇಕು. ಮಳೆ ಸಮನಾಗಿದ್ದೂ ಯೂನಿಟ್ ಏರಿ ನೀರು ಇಳಿದಿದ್ದರೆ, ಆ ಫೀಡರಿಗೆ ಮುಂದಿನ ಟಿಸಿ ಮಂಜೂರು ಮಾಡುವ ಮುನ್ನ ಹನಿ ನೀರಾವರಿಯ ಹಣ ಮಂಜೂರಾಗಬೇಕು.