ಬಡ್ತಿ ಪತ್ರದ ಕೊನೆಯ ಸಾಲು

ಬಡ್ತಿ ಪತ್ರ ಕೈಗೆ ಬಂದಾಗ ಎಲ್ಲರ ಕಣ್ಣು ಮೊದಲು ಹೋಗುವುದು ಹೊಸ ಹುದ್ದೆಯ ಹೆಸರಿನ ಮೇಲೆ. ನಾನು ನೋಡುವುದು ಕೊನೆಯ ಸಾಲು: 'ಉಳಿದ ಎಲ್ಲ ಷರತ್ತುಗಳು ಹಿಂದಿನಂತೆಯೇ ಇರುತ್ತವೆ.' ಎಚ್‌ಆರ್ ವಿಭಾಗದಲ್ಲಿ ಕೂತು ಎಷ್ಟು ಪತ್ರಗಳಿಗೆ ಈ ಸಾಲು ಹಾಕಿದ್ದೇನೋ ಲೆಕ್ಕವಿಲ್ಲ. ಸಂಬಳ ಏರಿಲ್ಲ ಅನ್ನುವುದನ್ನು ನಾವು ಹೇಳುವ ರೀತಿ ಅದು.

ಒಮ್ಮೆ ಒಬ್ಬ ಹುಡುಗ ಎರಡು ಪೇ ಸ್ಲಿಪ್ ತಂದು ನನ್ನ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟ. ಒಂದು ಅವನು ಸೂಪರ್‌ವೈಸರ್ ಆಗುವ ಮುಂಚಿನದು, ಇನ್ನೊಂದು ಆದಮೇಲಿನದು. ಮೂಲ ವೇತನ ಎರಡರಲ್ಲೂ ಒಂದೇ. ಆದರೆ ಕೈಗೆ ಬಂದ ಮೊತ್ತ ಎರಡನೆಯದರಲ್ಲೇ ಕಮ್ಮಿ. "ಮೇಡಂ, ನನಗೆ ಕೊಟ್ಟಿದ್ದು ಪ್ರಮೋಷನ್ ತಾನೇ?" ಎಂದು ಕೇಳಿದ. ಸೂಪರ್‌ವೈಸರ್‌ಗೆ ಓಟಿ, ಅಂದರೆ ಹೆಚ್ಚುವರಿ ಗಂಟೆಗಳ ದುಡ್ಡು ಇಲ್ಲ, ರಾತ್ರಿ ಪಾಳಿಯ ಭತ್ಯೆಯೂ ಇಲ್ಲ. ಕೆಲಸದ ಗಂಟೆ ಮಾತ್ರ ಹಾಗೇ ಇತ್ತು. ಜೊತೆಗೆ ಒಂಬತ್ತು ಜನರ ರಜೆ, ಹಾಜರಿ, ಜಗಳ ಎಲ್ಲ ಅವನ ತಲೆಗೆ ಬಂದಿತ್ತು.

ಓಟಿ ಕೊಡುವುದನ್ನು ತಪ್ಪಿಸಲು ಹುದ್ದೆಯ ಹೆಸರು ಬದಲಿಸುವುದು ಹೊಸದೇನಲ್ಲ. ಅಮೆರಿಕದಲ್ಲಿ 1938ರ ಕಾನೂನಿನ ಪ್ರಕಾರ, ಸಂಬಳ ಒಂದು ಮಿತಿ ದಾಟಿ, ಕೆಲಸವೂ ನಿಜವಾಗಿ ಮ್ಯಾನೇಜರ್ ಕೆಲಸವೇ ಆಗಿದ್ದರೆ ಓಟಿ ಕೊಡಬೇಕಿಲ್ಲ. 2023ರಲ್ಲಿ ಅಲ್ಲಿನ ಸಂಶೋಧಕರು ನೋಡಿದರೆ, ಆ ಮಿತಿಯನ್ನು ಆಗಷ್ಟೇ ದಾಟಿದ ಸಂಬಳದವರಲ್ಲಿ 'ಮ್ಯಾನೇಜರ್'ಗಳು ಇದ್ದಕ್ಕಿದ್ದಂತೆ ಜಾಸ್ತಿ! 'ಕಾರ್ಪೆಟ್ ಶಾಂಪೂ ಮ್ಯಾನೇಜರ್' ಕೂಡ ಇದ್ದರಂತೆ.

ಎಲ್ಲ ಕಡೆ ಇಂಥ ದುರುದ್ದೇಶ ಇರುವುದಿಲ್ಲ, ಅದನ್ನೂ ಹೇಳಬೇಕು. ಹುದ್ದೆಯ ಹೆಸರು ಬದಲಿಸಲು ನಮ್ಮ ವಿಭಾಗದ ಒಂದು ಸಹಿ ಸಾಕು. ದುಡ್ಡಿಗೆ ಹಣಕಾಸು ವಿಭಾಗ ಒಪ್ಪಬೇಕು, ಅವರ ಬಜೆಟ್ ವರ್ಷದ ಶುರುವಿಗೇ ಮುಗಿದಿರುತ್ತದೆ. ನಡುವೆ ಯಾರೋ ಕೆಲಸ ಬಿಡುತ್ತಾರೆ, ಅವರ ಕುರ್ಚಿ ನಿಮಗೆ ಬರುತ್ತದೆ. ಅವರ ಸಂಬಳ ಮಾತ್ರ ಉಳಿತಾಯದ ಖಾತೆಗೆ ಹೋಗುತ್ತದೆ.

"ಮುಂದಿನ ವರ್ಷ ಸರಿ ಮಾಡೋಣ" ಅಂತಾರಲ್ಲ, ಆ ಮಾತನ್ನು ಸ್ವಲ್ಪ ಲೆಕ್ಕ ಹಾಕಿ ನೋಡಿ. ಇಬ್ಬರಿಗೂ ಸಂಬಳ 100 ಅಂತಿಟ್ಟುಕೊಳ್ಳಿ. ಒಬ್ಬರಿಗೆ ಬಡ್ತಿಯ ಜೊತೆ 10% ಸಿಕ್ಕಿತು, ಇನ್ನೊಬ್ಬರಿಗೆ ಬರೀ ಹೆಸರು. ಮುಂದಿನ ವರ್ಷ ಇಬ್ಬರಿಗೂ 6% ಏರಿಕೆ. ಮೊದಲನೆಯವರದು 116.6 ಆಯಿತು, ಎರಡನೆಯವರದು 106. ಆಮೇಲೆ ಪ್ರತಿ ವರ್ಷ ಇಬ್ಬರಿಗೂ ಒಂದೇ ಶೇಕಡಾವಾರು ಏರಿಕೆ ಸಿಕ್ಕರೂ ಈ ಅಂತರ ಮುಚ್ಚುವುದಿಲ್ಲ, ಬೆಳೆಯುತ್ತಲೇ ಹೋಗುತ್ತದೆ. ಕೆಲವು ಕಡೆ "ಪ್ರಮೋಷನ್ ಆಯ್ತಲ್ಲ" ಅಂತ ಆ 6% ಕೂಡ ತಡೆಯುತ್ತಾರೆ.

ಇನ್ನೊಂದು ವಿಷಯ ಯಾರೂ ಓದುವುದೇ ಇಲ್ಲ. ನೋಟಿಸ್ ಅವಧಿ, ಅಂದರೆ ರಾಜೀನಾಮೆ ಕೊಟ್ಟ ಮೇಲೂ ಕೆಲಸ ಮಾಡಬೇಕಾದ ಕಾಲ. ಗ್ರೇಡ್ (ಹುದ್ದೆಯ ದರ್ಜೆ) ಏರಿದರೆ ಅದು ಒಂದು ತಿಂಗಳಿಂದ ಮೂರು ತಿಂಗಳಿಗೆ ಹೋಗುವುದುಂಟು. ಸಂಬಳ ಏರಲಿಲ್ಲ ಅಂತ ಬೇರೆ ಕೆಲಸ ಹುಡುಕಲು ಹೊರಟಾಗಲೇ ಅದು ಕಣ್ಣಿಗೆ ಬೀಳುವುದು.

ಹಾಗಾದರೆ ಬೇಡ ಅನ್ನಬೇಕಾ? ಯಾವಾಗಲೂ ಅಲ್ಲ. ಹೊಸ ಹುದ್ದೆಯಲ್ಲಿ ನಿಜವಾದ ಅಧಿಕಾರ ಇದ್ದರೆ, ಅಂದರೆ ಜನರನ್ನು ಆರಿಸುವುದು, ಖರ್ಚಿಗೆ ಸಹಿ ಹಾಕುವುದು ನಿಮ್ಮ ಕೈಗೆ ಬಂದರೆ, ನಾಳೆ ಬೇರೆ ಕಡೆ ಸಂದರ್ಶನದಲ್ಲಿ ಅದಕ್ಕೆ ಬೆಲೆ ಇದೆ. ಹಳೇ ಕೆಲಸಕ್ಕೇ ಹೊಸ ಬೋರ್ಡು ಹಾಕಿದ್ದರೆ ಎರಡನೇ ಪ್ರಶ್ನೆಗೇ ಗುಟ್ಟು ರಟ್ಟಾಗುತ್ತದೆ. ಸಂದರ್ಶನ ಮಾಡುವವರೂ ನಮ್ಮಂಥವರೇ ಅಲ್ವಾ?

ಪತ್ರ ಕೊಟ್ಟ ದಿನವೇ ಜಗಳಕ್ಕೆ ನಿಲ್ಲಬೇಡಿ. ಥ್ಯಾಂಕ್ಸ್ ಹೇಳಿ, ಒಂದು ದಿನ ಬಿಟ್ಟು ಎಚ್‌ಆರ್‌ಗೆ ಒಂದು ಪ್ರಶ್ನೆ ಕೇಳಿ: "ಈ ಗ್ರೇಡ್‌ನ ಕನಿಷ್ಠ ಸಂಬಳ ಎಷ್ಟು?" ದೊಡ್ಡ ಸಂಸ್ಥೆಗಳಲ್ಲಿ ಸಾಮಾನ್ಯವಾಗಿ ಪ್ರತಿ ಗ್ರೇಡ್‌ಗೂ ಕನಿಷ್ಠ, ಗರಿಷ್ಠ ಅಂತ ಇರುತ್ತದೆ. ನಿಮ್ಮ ಸಂಬಳ ಆ ಕನಿಷ್ಠಕ್ಕಿಂತ ಕೆಳಗಿದ್ದರೆ ಸಂಸ್ಥೆ ತನ್ನ ನಿಯಮವನ್ನೇ ಮುರಿದ ಹಾಗೆ. ಈ ಪ್ರಶ್ನೆ ಬಂದಾಗ ನನಗೆ ಕುರ್ಚಿಯಲ್ಲಿ ಕೂರುವುದೇ ಕಷ್ಟವಾಗುತ್ತಿತ್ತು.

ಆಮೇಲೆ ಬಾಸ್‌ಗೆ ಚಿಕ್ಕದೊಂದು ಮೇಲ್. 'ಸಂಬಳದ ಪರಿಷ್ಕರಣೆ ಇಂಥ ತಿಂಗಳು ಆಗುತ್ತದೆ ಎಂದು ಮಾತಾಡಿದ್ದೆವು. ನಾನು ಅರ್ಥ ಮಾಡಿಕೊಂಡದ್ದು ಸರಿ ತಾನೇ?' ಅಷ್ಟು ಸಾಕು. ಬಾಸ್ ಬದಲಾದರೂ ಮೇಲ್ ಇರುತ್ತದೆ. ದುಡ್ಡು ಇಲ್ಲವೇ ಇಲ್ಲ ಅಂದರೆ ಯಾವ ಹಳೇ ಕೆಲಸ ಬಿಡಬಹುದು ಅಂತ ಕೇಳಿ. ಸುಮ್ನೆ ಎರಡೂ ಹೊತ್ತುಕೊಳ್ಳಬೇಡಿ.

ಆ ಹುಡುಗ ಮೇಲ್ ಬರೆಯಲಿಲ್ಲ. ಹಳೇ ಹುದ್ದೆಗೇ ವಾಪಸ್ ಹಾಕಿ ಅಂತ ಅರ್ಜಿ ಕೊಟ್ಟ. ಅದನ್ನು ನಾನೇ ಹಣಕಾಸು ವಿಭಾಗಕ್ಕೆ ಕಳಿಸಿದೆ. ಮೂರು ವಾರದಲ್ಲಿ ಸೂಪರ್‌ವೈಸರ್ ಭತ್ಯೆ ಅಂತ ಹೊಸದೊಂದು ಮಂಜೂರಾಗಿ ಬಂತು. ಬಜೆಟ್ ಮುಗಿದಿದೆ ಅಂದಿದ್ದರಲ್ಲ, ಅದೇ ವರ್ಷ.