ಮೀನಿನ ತೊಟ್ಟಿಯ ಕಲ್ಲು, ಫುಕುಶಿಮಾದ ನೀರು

ಕಳೆದ ಮಳೆಗಾಲದಲ್ಲಿ ಮಗಳ ಮೀನಿನ ತೊಟ್ಟಿಗೆಂದು ಕುಶಾಲನಗರದಲ್ಲಿ ಒಂದು ಪ್ಯಾಕೆಟ್ ಬಿಳಿ ಕಲ್ಲು ಕೊಂಡೆ. ಕಡಲೆಕಾಳಿನಷ್ಟು ದಪ್ಪ, ಮುಟ್ಟಿದರೆ ಸೀಮೆಸುಣ್ಣದ ಹಾಗೆ ಬೆರಳಿಗೆ ಪುಡಿ. "ಫಿಲ್ಟರಿಗೆ ಹಾಕಿ ಸಾರ್, ಅಮೋನಿಯಾ ಎಳ್ಕೊಳ್ಳುತ್ತೆ. ಆಮೇಲೆ ಒಂದು ದಿನ ಉಪ್ಪು ನೀರಲ್ಲಿ ನೆನೆಸಿಡಿ, ಮತ್ತೆ ಹೊಸದಾಗುತ್ತೆ" ಅಂದರು ಅಂಗಡಿಯವರು. ಪ್ಯಾಕೆಟ್ ಮೇಲೆ 'ಜಿಯೊಲೈಟ್' ಎಂದಿತ್ತು.

2011ರಲ್ಲಿ ಅಪಘಾತವಾದ ಜಪಾನಿನ ಫುಕುಶಿಮಾ ಅಣುಸ್ಥಾವರದ ನೀರಿನಿಂದ ವಿಕಿರಣಶೀಲ ಸೀಸಿಯಂ ತೆಗೆಯಲು ಬಳಸಿದ್ದೂ ಇದೇ ಜಾತಿಯ ಕಲ್ಲನ್ನೇ.

1756ರಲ್ಲಿ ಸ್ವೀಡನ್ನಿನ ಕ್ರೋನ್‌ಸ್ಟೆಟ್ ಎಂಬವರು ಇಂಥ ಕಲ್ಲೊಂದನ್ನು ಕಾಯಿಸಿದಾಗ ಅದು ಹಬೆ ಬಿಟ್ಟು ನೊರೆಯಾಯಿತಂತೆ. 'ಕುದಿಯುವ ಕಲ್ಲು' ಎಂಬ ಅರ್ಥದ ಗ್ರೀಕ್ ಪದಗಳಿಂದ ಹೆಸರಿಟ್ಟರು. ಪುಣೆ, ನಾಸಿಕ್ ಕಡೆಯ ಲಾವಾ ಬಂಡೆಗಳ ಪೊಟರೆಗಳಲ್ಲಿ ಇದರ ಚಂದದ ಹರಳುಗಳು ಸಿಗುತ್ತವೆ. ನಮ್ಮ ಕೊಡಗಿನ ಬಂಡೆ ಬೇರೆ ಥರದ್ದು, ತೋಟದಲ್ಲಿ ಹುಡುಕಬೇಡಿ.

ಬಟ್ಟೆ ನೀರು ಹೀರುವ ಹಾಗೆ ಈ ಕಲ್ಲು ಕೊಳೆ ಹೀರುವುದಿಲ್ಲ. ಇದರೊಳಗೆ ಸಿಲಿಕಾನ್, ಅಲ್ಯೂಮಿನಿಯಂ, ಆಮ್ಲಜನಕ ಸೇರಿ ಕಟ್ಟಿದ ಕಣ್ಣಿಗೆ ಕಾಣದ ಗೂಡುಗಳಿವೆ. ಅಲ್ಯೂಮಿನಿಯಂ ಕೂತ ಕಡೆಯೆಲ್ಲ ಒಂದೊಂದು ಋಣ ವಿದ್ಯುದಂಶ ಉಳಿದಿರುತ್ತದೆ. ಅದನ್ನು ಸರಿದೂಗಿಸಲು ಧನ ವಿದ್ಯುದಂಶದ ಸೋಡಿಯಂ ಬಂದು ಕೂತಿರುತ್ತದೆ, ಸುಮ್ನೆ ಬಾಡಿಗೆಗೆ ಇದ್ದ ಹಾಗೆ. ಸೀಸಿಯಂ ಬಂದರೆ ಸೋಡಿಯಂ ಜಾಗ ಬಿಟ್ಟು ನೀರಿಗೆ ಇಳಿಯುತ್ತದೆ.

ಸೀಸಿಯಂಗೇ ಯಾಕೆ ಅಷ್ಟು ಮರ್ಯಾದೆ? ಜೂನ್ ತಿಂಗಳಲ್ಲಿ ಮಡಿಕೇರಿ ಬಸ್ಸು ಹತ್ತುವವರನ್ನು ನೋಡಿ. ಕೊಡೆ ಮಡಚಿದವರು ಸಲೀಸಾಗಿ ಒಳಗೆ ಹೋಗುತ್ತಾರೆ, ಬಿಚ್ಚಿದ ಕೊಡೆಯವರು ಬಾಗಿಲಲ್ಲೇ ಸಿಕ್ಕಿಕೊಳ್ಳುತ್ತಾರೆ. ನೀರಿನಲ್ಲಿ ಪ್ರತಿಯೊಂದು ಅಯಾನಿನ, ಅಂದರೆ ವಿದ್ಯುದಂಶ ಹೊತ್ತ ಕಣದ, ಸುತ್ತಲೂ ನೀರಿನ ಕಣಗಳು ಕೊಡೆಯಂತೆ ಮುತ್ತಿರುತ್ತವೆ. ಸೋಡಿಯಂ ಚಿಕ್ಕದು, ತನ್ನ ನೀರನ್ನು ಬಿಗಿಯಾಗಿ ಹಿಡಿದಿರುತ್ತದೆ. ಸೀಸಿಯಂ ದೊಡ್ಡದು, ಅದರ ಹಿಡಿತ ಸಡಿಲ. ಕೊಡೆ ಮಡಚಿ ಗೂಡಿನೊಳಗೆ ನುಗ್ಗುತ್ತದೆ, ಅಲ್ಲೇ ಗಟ್ಟಿಯಾಗಿ ಕೂರುತ್ತದೆ.

ಕಾಫಿ ಬೆಳೆಗಾರರಿಗೆ ಇದನ್ನು ಬೇರೆ ದಾರಿಯಲ್ಲೂ ಹೇಳಬಹುದು. ನಾವು ಗಿಡಕ್ಕೆ ಪೊಟ್ಯಾಷ್ ಹಾಕುತ್ತೇವಲ್ಲ, ಸೀಸಿಯಂ ಆ ಪೊಟ್ಯಾಸಿಯಂನ ದಾಯಾದಿ. ಬೇರಿಗೆ ಎರಡರ ಗುರುತು ಸರಿಯಾಗಿ ಹತ್ತುವುದಿಲ್ಲ. ಅದಕ್ಕೇ ಫುಕುಶಿಮಾದ ರೈತರು ಸೀಸಿಯಂ ಬಿದ್ದ ಗದ್ದೆಗೆ ಜಾಸ್ತಿ ಪೊಟ್ಯಾಷ್ ಹಾಕಿದರು. ಪೊಟ್ಯಾಸಿಯಂ ಬೇಕಾದಷ್ಟು ಸಿಕ್ಕಿದರೆ ಭತ್ತ ಸೀಸಿಯಂ ಎಳೆದುಕೊಳ್ಳುವುದು ಕಡಿಮೆ. ಮಣ್ಣಿನಲ್ಲಿರುವ ಕೆಲವು ಜಾತಿಯ ಜೇಡಿಯೂ ಸೀಸಿಯಂ ಅನ್ನು ತನ್ನ ಪದರಗಳ ನಡುವೆ ಕಚ್ಚಿ ಹಿಡಿಯುತ್ತದೆ. ಜೇಡಿ ಕಡಿಮೆ ಇರುವ, ಎಲೆಗೊಬ್ಬರದ ಕಾಡುಮಣ್ಣಿನಲ್ಲಿ ಮಾತ್ರ ಅದು ಅಣಬೆಗೆ ಹತ್ತುತ್ತದೆ, ಅಣಬೆಯಿಂದ ಕಾಡುಹಂದಿಗೆ. 1986ರ ಚೆರ್ನೋಬಿಲ್ ಅಣು ದುರಂತ ಆಗಿ ಇಷ್ಟು ವರ್ಷವಾದರೂ ಜರ್ಮನಿಯ ಬವೇರಿಯಾದಲ್ಲಿ ಕಾಡುಹಂದಿ ಮಾಂಸವನ್ನು ಅಳೆದು ನೋಡಿಯೇ ಮಾರುತ್ತಾರೆ. ಪಂದಿ ಕರಿ ತಿನ್ನುವ ನಮಗೆ ಇದು ಎಂಥ ಸಂಕಟ ಅಂತ ಅರ್ಥವಾಗುತ್ತೆ, ಅಲ್ವಾ?

ಕಲ್ಲಿನ ಈ ಗುಣವನ್ನು ಎಂಜಿನಿಯರುಗಳು ಹಿಂದಿನಿಂದಲೂ ಬಳಸುತ್ತಿದ್ದಾರೆ. ಅಮೆರಿಕದ ತ್ರೀ ಮೈಲ್ ಐಲ್ಯಾಂಡ್ ಅಣುಸ್ಥಾವರದಲ್ಲಿ 1979ರಲ್ಲಿ ಅಪಘಾತವಾದ ಮೇಲೆ, ಅಲ್ಲಿನ ನೀರನ್ನು ಜಿಯೊಲೈಟ್ ತುಂಬಿದ ಪಾತ್ರೆಗಳ ಮೂಲಕ ಹಾಯಿಸಿದರು. ಆ ಪಾತ್ರೆಗಳನ್ನು ಕೊಳದ ನೀರಿನಲ್ಲಿ ಮುಳುಗಿಸಿಟ್ಟಿದ್ದರು, ವಿಕಿರಣಕ್ಕೆ ನೀರೇ ಗೋಡೆಯಾಗಲಿ ಅಂತ. ಇಂಗ್ಲೆಂಡಿನ ಸೆಲ್ಲಾಫೀಲ್ಡ್ ಅಣುಕೇಂದ್ರದಲ್ಲಿ 1985ರಿಂದ ಕ್ಲಿನೊಪ್ಟಿಲೊಲೈಟ್ ಎಂಬ ಜಿಯೊಲೈಟ್ ಈ ಕೆಲಸ ಮಾಡುತ್ತಿದೆ. ಫುಕುಶಿಮಾದ ಕಷ್ಟ ಬೇರೆ. 2011ರಲ್ಲಿ ರಿಯಾಕ್ಟರ್ ತಣಿಸಲು ಸಮುದ್ರದ ನೀರನ್ನೇ ಸುರಿದಿದ್ದರು. ಉಪ್ಪು ನೀರಿನಲ್ಲಿ ಸೋಡಿಯಂನದೇ ಜಾತ್ರೆ. ಆ ಗುಂಪಿನಲ್ಲಿ ಬೆರಳೆಣಿಕೆಯ ಸೀಸಿಯಂ ಹುಡುಕಿ ಹಿಡಿಯಬೇಕಿತ್ತು.

ಟ್ರೀಷಿಯಂ ಮಾತ್ರ ಯಾವ ಕಲ್ಲಿಗೂ ಬಗ್ಗುವುದಿಲ್ಲ. ಅದು ಹೈಡ್ರೋಜನ್ನಿನದೇ ಒಂದು ವಿಕಿರಣಶೀಲ ರೂಪ, ನೀರಿನ ಕಣದೊಳಗೇ ಸೇರಿಕೊಂಡಿರುತ್ತದೆ. ನೀರಿನಿಂದ ನೀರನ್ನು ಸೋಸುವುದು ಹೇಗೆ? 2023ರ ಆಗಸ್ಟಿನಲ್ಲಿ ಜಪಾನ್, ಸಂಸ್ಕರಿಸಿದ ಆ ನೀರನ್ನು ಮತ್ತಷ್ಟು ತೆಳು ಮಾಡಿ ಕಡಲಿಗೆ ಬಿಡಲು ಶುರು ಮಾಡಿತು. ಗಲಾಟೆ ಎದ್ದದ್ದು ಈ ಟ್ರೀಷಿಯಂ ಹೆಸರಿನಲ್ಲಿ.

ನನ್ನ ತಲೆಯಲ್ಲಿ ಕೂತಿರುವುದು ಟ್ರೀಷಿಯಂ ಅಲ್ಲ, ಮೂಟೆಗಳು. ಅಪಘಾತದ ಹೊಸತರಲ್ಲಿ, ಕಲುಷಿತ ನೀರು ತುಂಬಲಿದ್ದ ಎರಡು ಕಟ್ಟಡಗಳ ನೆಲಮಾಳಿಗೆಗೆ ಜಿಯೊಲೈಟ್ ಮೂಟೆಗಳನ್ನು ಹಾಕಿದರು. ಆ ಗಡಿಬಿಡಿಯಲ್ಲಿ ಬೇರೆ ಯಾರಿದ್ದರೂ ಹಾಗೇ ಮಾಡುತ್ತಿದ್ದರೇನೋ. ಮೂಟೆಗಳು ಕೆಲಸವನ್ನೂ ಮಾಡಿದವು. ಈಗ ಅವುಗಳ ಹತ್ತಿರ ಮನುಷ್ಯ ಸುಳಿಯುವಂತಿಲ್ಲ, ನೀರಿನಡಿಯಲ್ಲಿ ಹುದುಗಿದ ಅವನ್ನು ತೆಗೆಯಲು ರೋಬೋಟ್ ಬೇಕು. ಕಲ್ಲು ಸೀಸಿಯಂ ಅನ್ನು ಹಿಡಿಯುತ್ತದೆ, ಕೊಲ್ಲುವುದಿಲ್ಲ. ಕೆರೆಯಷ್ಟು ನೀರಿನಲ್ಲಿ ಹರಡಿದ್ದ ವಿಷ ಒಂದು ರಾಶಿ ಕಲ್ಲಿನಲ್ಲಿ ಒಟ್ಟಾಗಿರುತ್ತದೆ, ಅಷ್ಟೆ. ಸೀಸಿಯಂ-137 ಅರ್ಧವಾಗಲು ಸುಮಾರು 30 ವರ್ಷ ಬೇಕು. ಸಾವಿರದಲ್ಲಿ ಒಂದು ಪಾಲಿಗೆ ಇಳಿಯಲು 300 ವರ್ಷ. ಮಡಿಕೇರಿಯಲ್ಲಿ 1820ರಲ್ಲಿ ಕಟ್ಟಿದ ಓಂಕಾರೇಶ್ವರ ದೇವಸ್ಥಾನಕ್ಕೇ ಇನ್ನೂ ಅಷ್ಟು ವಯಸ್ಸಾಗಿಲ್ಲ.

ಅಂಗಡಿಯವರ ಉಪ್ಪು ನೀರಿನ ಉಪಾಯ ಅಲ್ಲಿ ನಡೆಯುವುದಿಲ್ಲ. ಉಪ್ಪು ಹಾಕಿದರೆ ಹಿಡಿದ ಸೀಸಿಯಂ ಮತ್ತೆ ನೀರಿಗೇ ಇಳಿಯಲು ಶುರು. ಮೊನ್ನೆ ಭಾನುವಾರ ನಮ್ಮ ಕಲ್ಲುಗಳನ್ನು ಉಪ್ಪಿನಲ್ಲಿ ನೆನೆಸಿ ತೊಳೆದೆವು. ಬಕೆಟ್ಟಿನಲ್ಲಿ ಉಳಿದದ್ದು ಅಮೋನಿಯಾ ಸೇರಿದ ಉಪ್ಪು ನೀರು. ಎಲ್ಲಿ ಚೆಲ್ಲಲಿ ಅಂತ ಮಗಳು ಕೇಳಿದಳು. ಕಾಫಿ ಗಿಡದ ಬುಡಕ್ಕೆ ಮಾತ್ರ ಬೇಡ ಅಂದೆ.